ಸೈನ್ಯ ರಾಜನದು ಅಂದಮೇಲೆ ರಕ್ಷಣಾ ಮಂತ್ರಿ ಯಾಕೆ ಬೇಕು?

ಅಮಾನಿಕೆರೆ ಓದುಗ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ನಿನ್ನೆ ಲೈಬ್ರರಿ ಹೊರಗೆ ಟೀ ಕುಡಿಯುತ್ತಾ ಶುರುವಾದ ಮಾತು ಸಂಜೆಯಾದರೂ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬ್ರಿಟನ್ನಿನಲ್ಲಿ ಸೈನ್ಯದ ಮುಖ್ಯಸ್ಥ ರಾಜ. ಸೇರುವ ಹುಡುಗರು ರಾಜನ ಹೆಸರಿನಲ್ಲೇ ಪ್ರಮಾಣ ಮಾಡುತ್ತಾರೆ. ಸ್ಪೇನ್ ಸಂವಿಧಾನದಲ್ಲಂತೂ ಸೇನೆಯ ಮಹಾದಂಡನಾಯಕ ರಾಜ ಅಂತ ಬರೆದೇ ಇದೆ. ಹಾಗಿದ್ದ ಮೇಲೆ ರಕ್ಷಣಾ ಮಂತ್ರಿ ಅಲ್ಲಿ ಯಾರು? ರಾಜನ ಕೈಕೆಳಗಿನ ಕಾರ್ಯದರ್ಶಿಯಾ? ಅಥವಾ ರಾಜನೇ ಹೆಸರಿಗೆ ಮಾತ್ರವಾ? "ನಮ್ಮ ರಾಷ್ಟ್ರಪತಿ ಇದ್ದ ಹಾಗೆ ಕಣೋ" ಅಂದ ನನ್ನ ಗೆಳೆಯ. ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ರಾಷ್ಟ್ರಪತಿ ಐದು ವರ್ಷಕ್ಕೆ ಇಳಿಯುತ್ತಾರೆ, ರಾಜ ಇಳಿಯುವುದಿಲ್ಲ. ಇಳಿಯದವನ ಕೈಲಿ ಸೈನ್ಯ ಇದ್ದರೆ, ಓಟು ಪಡೆದು ಬಂದ ಮಂತ್ರಿಗೆ ಏನು ಬೆಲೆ? ತಿಳಿದವರು ಬಿಡಿಸಿ ಹೇಳಿ.

ಶಿರಾಗೇಟ್ ವಕೀಲೆ

ಒಳ್ಳೆ ಪ್ರಶ್ನೆ ತಮ್ಮಾ.

ಬ್ರಿಟನ್ನಿನಿಂದಲೇ ಶುರು ಮಾಡೋಣ. ಸೈನ್ಯ ರಾಜನದು, ನಿಜ. ಆದರೆ ಅದನ್ನು ಇಟ್ಟುಕೊಳ್ಳೋಕೆ ರಾಜನಿಗೆ ಸಂಸತ್ತಿನ ಒಪ್ಪಿಗೆ ಬೇಕು. 1689ರ ಹಕ್ಕುಗಳ ಕಾಯ್ದೆಯಲ್ಲೇ ಈ ಮಾತಿದೆ: ಶಾಂತಿಕಾಲದಲ್ಲಿ ಸಂಸತ್ತು ಒಪ್ಪದೆ ಸೈನ್ಯ ಇಡುವುದು ಕಾನೂನಿಗೆ ವಿರುದ್ಧ. ಹಳೇ ಕಾಗದ ಅಂತ ಅಂದುಕೊಳ್ಳಬೇಡ. ಅಲ್ಲಿನ ಸಶಸ್ತ್ರ ಪಡೆಗಳ ಕಾಯ್ದೆಯನ್ನು ಇವತ್ತಿಗೂ ಐದು ವರ್ಷಕ್ಕೊಮ್ಮೆ ಹೊಸದಾಗಿ ಪಾಸು ಮಾಡಿಸಬೇಕು. ನಡುವಿನ ವರ್ಷಗಳಲ್ಲೂ ಎರಡೂ ಸದನಗಳು ವರ್ಷಕ್ಕೊಮ್ಮೆ ಹೂಂ ಅನ್ನಬೇಕು. ಅನ್ನದಿದ್ದರೆ, ಅಧಿಕಾರಿಯ ಮಾತನ್ನು ಸಿಪಾಯಿ ಕೇಳಲೇಬೇಕು ಅನ್ನುವ ಕಾನೂನೇ ಬಿದ್ದುಹೋಗುತ್ತದೆ. ಆ ಒಪ್ಪಿಗೆ ಕೇಳಿ ಸದನದ ಮುಂದೆ ನಿಲ್ಲುವವರು ರಾಜ ಅಲ್ಲ, ಸರ್ಕಾರದ ಮಂತ್ರಿಗಳು. ಸೈನ್ಯಕ್ಕೆ ದುಡ್ಡು ಕೇಳುವವರೂ ಅವರೇ.

ದಿನದ ಆಡಳಿತ ಹೇಗೆ ಅಂದರೆ, 1964ರಲ್ಲಿ ಅಲ್ಲಿ ಭೂಸೇನೆ, ನೌಕಾದಳ, ವಾಯುದಳದ ಬೇರೆ ಬೇರೆ ಇಲಾಖೆಗಳನ್ನು ಕೂಡಿಸಿ ಒಂದೇ ರಕ್ಷಣಾ ಸಚಿವಾಲಯ ಮಾಡಿದರು. ಜೊತೆಗೆ ಒಂದು ರಕ್ಷಣಾ ಮಂಡಳಿ ಬಂತು. ರಾಜನ ಅಧಿಕಾರ ಸೈನ್ಯಕ್ಕೆ ಇಳಿಯುವುದು ಆ ಮಂಡಳಿ ಮೂಲಕ. ಅಧ್ಯಕ್ಷ ರಕ್ಷಣಾ ಮಂತ್ರಿ. ಮೂರೂ ಪಡೆಗಳ ಮುಖ್ಯಸ್ಥರು ಅದರಲ್ಲಿ ಸದಸ್ಯರು.

ಆದ್ದರಿಂದ ಮಂತ್ರಿ ರಾಜನ ಗುಮಾಸ್ತನಲ್ಲ. ರಾಜನ ಹೆಸರಿನಲ್ಲಿ ಆದ ಕೆಲಸಕ್ಕೆ ಸದನದಲ್ಲಿ ನಿಂತು ಉತ್ತರ ಕೊಡಬೇಕಾದವನು, ಬೈಸಿಕೊಳ್ಳಬೇಕಾದವನು. 1982ರ ಏಪ್ರಿಲ್ 2ರಂದು ಅರ್ಜೆಂಟೀನಾ, ಬ್ರಿಟನ್ನಿನ ಕೈಯಲ್ಲಿದ್ದ ಫಾಕ್‌ಲೆಂಡ್ ದ್ವೀಪಗಳಿಗೆ ಸೈನ್ಯ ಇಳಿಸಿತು. ಮಾರನೇ ದಿನ ಶನಿವಾರವಾದರೂ ಸಂಸತ್ತು ಸೇರಿತು. ಅವತ್ತು ರಕ್ಷಣಾ ಮಂತ್ರಿ ಜಾನ್ ನಾಟ್ ಅವರನ್ನು ಸದಸ್ಯರು, ಸ್ವಂತ ಪಕ್ಷದವರೂ ಸೇರಿ, ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. ಅವರು ರಾಜೀನಾಮೆಗೆ ಮುಂದಾದರು, ಪ್ರಧಾನಿ ಥ್ಯಾಚರ್ ಒಪ್ಪಲಿಲ್ಲ. ವಿದೇಶಾಂಗ ಮಂತ್ರಿ ಕ್ಯಾರಿಂಗ್ಟನ್ ಕುರ್ಚಿ ಬಿಟ್ಟರು. ಆಗ ಪಟ್ಟದಲ್ಲಿದ್ದದ್ದು ರಾಣಿ. ಆಕೆಯ ಮಗನೇ ಆ ಯುದ್ಧಕ್ಕೆ ಹೆಲಿಕಾಪ್ಟರ್ ಪೈಲಟ್ ಆಗಿ ಹೋದ. ಆದರೂ ದ್ವೀಪ ಹೇಗೆ ಕೈತಪ್ಪಿತು ಅಂತ ರಾಣಿಯನ್ನು ಕೇಳಿದವರಿಲ್ಲ. ಕೇಳುವ ಹಾಗೂ ಇಲ್ಲ.

ಗೌರಿಬಿದನೂರು ಸುಬೇದಾರ್

ವಕೀಲ ಮೇಡಂ ಹೇಳಿದ್ದು ಸರಿ. ಆದರೆ ಬೂಟು ಹಾಕಿದವರ ಕಡೆಯಿಂದಲೂ ಒಂದು ಮಾತು ಇದೆ, ಹೇಳಿಬಿಡುತ್ತೇನೆ.

ನಾನು 28 ವರ್ಷ ಫೌಜಿನಲ್ಲಿ ಇದ್ದವನು. ನನ್ನ ಕಸಂ ಪರೇಡ್, ಅಂದರೆ ಪ್ರಮಾಣ ಮಾಡಿದ ದಿನ, ಇವತ್ತಿಗೂ ಕಣ್ಣ ಮುಂದೆ ಇದೆ. ಬೆಳಗಿನ ಜಾವ ಇಸ್ತ್ರಿ ಮಾಡಿದ ಬಟ್ಟೆ, ಸಾಲಾಗಿ ನಿಂತ ನಾವು ಹುಡುಗರು, ಮುಂದೆ ಮೇಜಿನ ಮೇಲೆ ಆಯಾ ಧರ್ಮದ ಗ್ರಂಥ. ಸಂವಿಧಾನಕ್ಕೆ ನಿಷ್ಠೆ, ರಾಷ್ಟ್ರಪತಿಯ ಆಜ್ಞೆ, ಮೇಲಧಿಕಾರಿಯ ಆಜ್ಞೆ, ಜೀವಕ್ಕೆ ಅಪಾಯ ಬಂದರೂ ಸರಿ. ಇಷ್ಟು ಹೇಳಿದೆವು. ಅದರಲ್ಲಿ ಯಾವ ಮಂತ್ರಿಯ ಹೆಸರೂ ಇರಲಿಲ್ಲ, ಯಾವ ಪಕ್ಷದ ಹೆಸರೂ ಇರಲಿಲ್ಲ. ಸಿಪಾಯಿಗೆ ಇದು ಬಹಳ ದೊಡ್ಡದು. ಇವತ್ತು ಇದ್ದು ನಾಳೆ ಹೋಗುವವರಿಗಾಗಿ ಯಾರೂ ಪ್ರಾಣ ಕೊಡಲ್ಲ. ರಾಜ ಇರುವ ದೇಶದಲ್ಲಿ ಆ ಜಾಗದಲ್ಲಿ ರಾಜ ನಿಲ್ಲುತ್ತಾನೆ. ಅವನನ್ನು ಸುಮ್ನೆ ಹೆಸರಿಗೆ ಅನ್ನಬೇಡಿ.

ಸ್ಪೇನ್ ನೋಡಿ. 1981ರ ಫೆಬ್ರವರಿ 23ರ ಸಂಜೆ ಒಬ್ಬ ಲೆಫ್ಟಿನೆಂಟ್ ಕರ್ನಲ್ ಬಂದೂಕು ಹಿಡಿದವರನ್ನು ಕಟ್ಟಿಕೊಂಡು ಸಂಸತ್ತಿಗೆ ನುಗ್ಗಿದ. ಇಡೀ ಮಂತ್ರಿಮಂಡಲ ಒಳಗೇ ಸಿಕ್ಕಿಬಿತ್ತು. ರಕ್ಷಣಾ ಮಂತ್ರಿಯೂ ಒತ್ತೆಯಾಳು. ನಡುರಾತ್ರಿ ದಾಟಿದ ಮೇಲೆ ರಾಜ ಹ್ವಾನ್ ಕಾರ್ಲೋಸ್ ದಂಡನಾಯಕನ ಸಮವಸ್ತ್ರದಲ್ಲಿ ಟಿವಿಗೆ ಬಂದು ಸಂವಿಧಾನದ ಪರ ನಿಂತರು. ಅಲ್ಲಿಗೆ ದಂಗೆ ಕುಸಿಯಿತು. ಮಂತ್ರಿ ಇಲ್ಲದ ರಾತ್ರಿ ಸೈನ್ಯವನ್ನು ಬ್ಯಾರಕ್ಕಿನಲ್ಲಿ ಹಿಡಿದಿಟ್ಟದ್ದು ರಾಜನ ಮಾತು.

ಪಾವಗಡದ ಹುಡುಗಿ

ಸುಬೇದಾರ್ ಸರ್, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೆ ಒಂದು ಅನುಮಾನ. ಆ ರಾತ್ರಿ ಅದೇ ರಾಜ ಇನ್ನೊಂದು ಕಡೆ ನಿಂತಿದ್ದರೆ?

ಕೋಲಾರದ ಮೇಷ್ಟ್ರು

ಮಗು ಸರಿಯಾದ ಜಾಗಕ್ಕೇ ಕೈ ಹಾಕಿತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ಪೇನಿನ ಆ ರಾತ್ರಿಯನ್ನು ಎಲ್ಲರೂ ನೆನೆಯುತ್ತಾರೆ. ಅದರ ಹಿಂದು ಮುಂದನ್ನು ನೆನೆಯುವವರು ಕಡಿಮೆ. ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಅಲ್ಲಿ ಭೂಸೇನೆಗೊಬ್ಬ, ನೌಕಾದಳಕ್ಕೊಬ್ಬ, ವಾಯುದಳಕ್ಕೊಬ್ಬ ಮಂತ್ರಿ ಇದ್ದರು. ಒಂದೇ ರಕ್ಷಣಾ ಸಚಿವಾಲಯ ಹುಟ್ಟಿದ್ದು 1977ರಲ್ಲಿ. ಅಂದರೆ ದಂಗೆ ನಡೆದಾಗ ಆ ಇಲಾಖೆಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಬೇರು ಬಿಟ್ಟಿರಲಿಲ್ಲ. ಆಮೇಲೆ 1982ರಿಂದ 1991ರವರೆಗೆ ನಾರ್ಸಿಸ್ ಸೆರ್ರಾ ಅನ್ನುವ ನಾಗರಿಕ ಮಂತ್ರಿ ಒಂದೇ ಸಮನೆ ಕೂತು ಕೆಲಸ ಮಾಡಿದರು. ಬಡ್ತಿ, ಸಂಬಳ, ಖರೀದಿ, ದಂಡನಾಯಕರು ಯಾರಿಗೆ ವರದಿ ಮಾಡಬೇಕು, ಇಂಥ ಬೇಸರದ ಕೆಲಸ. ಟಿವಿಯಲ್ಲಿ ಬರುವಂಥದ್ದಲ್ಲ. 2008ರಲ್ಲಿ ಕಾರ್ಮೆ ಚಾಕೋನ್ ಏಳು ತಿಂಗಳ ಬಸುರಿಯಾಗಿ ರಕ್ಷಣಾ ಮಂತ್ರಿಯಾದರು. ಹೊಟ್ಟೆ ಹೊತ್ತುಕೊಂಡೇ ಪರೇಡ್ ವೀಕ್ಷಿಸಿದರು, ಸೈನ್ಯ ಸಲ್ಯೂಟ್ ಹೊಡೆಯಿತು. 27 ವರ್ಷದ ಹಿಂದೆ ಸಂಸತ್ತಿನಲ್ಲಿ ಗುಂಡು ಹಾರಿಸಿದ ದೇಶ ಅದು. ಸುಬೇದಾರರೇ, ರಾಜ ಒಂದು ರಾತ್ರಿ ಕಾಪಾಡಿದ. ಉಳಿದ ರಾತ್ರಿಗಳನ್ನು ಕಾಪಾಡಿದ್ದು ಆ ಇಲಾಖೆ.

ಇನ್ನು ಹುಡುಗಿಯ ಪ್ರಶ್ನೆಗೆ ಉತ್ತರ ಬೆಲ್ಜಿಯಂನಲ್ಲಿದೆ. ಅಲ್ಲಿನ ಸಂವಿಧಾನದಲ್ಲೂ ಸೈನ್ಯ ನಡೆಸುವವನು ರಾಜ. ಅದರಲ್ಲೇ ಇನ್ನೊಂದು ವಿಧಿ: ಮಂತ್ರಿಯೊಬ್ಬರು ಜೊತೆಗೆ ಸಹಿ ಹಾಕದೆ ರಾಜನ ಯಾವ ಕೆಲಸಕ್ಕೂ ಬೆಲೆ ಇಲ್ಲ. ಶಾಂತಿಕಾಲದಲ್ಲಿ ಈ ಎರಡೂ ತಗಾದೆ ಇಲ್ಲದೆ ನಡೆದವು. 1940ರ ಮೇ 10ರಂದು ಜರ್ಮನಿ ನುಗ್ಗಿತು. ರಾಜ ಮೂರನೇ ಲಿಯೋಪೋಲ್ಡ್ ತಾನೇ ಸೈನ್ಯದ ಮುಂದೆ ನಿಂತ. ಮೇ 25ರ ಮುಂಜಾನೆ ವೈನೆಂಡಾಲೆ ಕೋಟೆಯಲ್ಲಿ ಪ್ರಧಾನಿ ಪಿಯರ್ಲೊ, ವಿದೇಶಾಂಗ ಮಂತ್ರಿ ಸ್ಪಾಕ್, ರಕ್ಷಣಾ ಮಂತ್ರಿ ಜನರಲ್ ಡೆನಿಸ್, ಇನ್ನೊಬ್ಬ ಮಂತ್ರಿ ರಾಜನನ್ನು ಕಂಡರು. ನಮ್ಮ ಜೊತೆ ದೇಶ ಬಿಟ್ಟು ಬನ್ನಿ, ಹೊರಗಿನಿಂದ ಯುದ್ಧ ಮುಂದುವರಿಸೋಣ ಅಂದರು. ನನ್ನ ಸೈನಿಕರ ಜೊತೆ ಇಲ್ಲೇ ಉಳಿಯುತ್ತೇನೆ ಅಂದ ರಾಜ. ಮೂರು ದಿನಕ್ಕೆ, ಮೇ 28ರಂದು, ಸೈನ್ಯ ಶರಣಾಯಿತು. ಮಂತ್ರಿಗಳು ಅದನ್ನು ಒಪ್ಪಲಿಲ್ಲ.

ರಾಜನ ಮನಸ್ಸು ಕೆಟ್ಟದ್ದಾಗಿತ್ತು ಅಂತ ನಾನು ಹೇಳಲ್ಲ. ಸೋತ ಸೈನ್ಯವನ್ನು ಸಾಯಿಸಬಾರದು ಅಂತ ಅವನಿಗೆ ಅನಿಸಿರಬಹುದು. ಆದರೆ ಆ ನಿರ್ಧಾರಕ್ಕೆ ಸಂಸತ್ತಿನಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಆ ಗಾಯ ಹತ್ತು ವರ್ಷ ಕೀವಾಯಿತು. 1950ರಲ್ಲಿ ರಾಜ ಪಟ್ಟಕ್ಕೆ ವಾಪಸ್ ಬರಬೇಕಾ ಅಂತ ಜನಮತ ಕೇಳಿದರು. ನೂರಕ್ಕೆ 57ರಷ್ಟು ಜನ ಬರಲಿ ಅಂದರು. ಬಂದಾಗ ಬೀದಿಯಲ್ಲಿ ಗೋಲಿಬಾರ್ ಆಗಿ ಜನ ಸತ್ತರು. 1951ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟ.

ಪಾವಗಡದ ಹುಡುಗಿ

ಜೊತೆ ಸಹಿ ಅಂದರೆ ನಮ್ಮ ಪಂಚಾಯ್ತಿ ಚೆಕ್ ಥರ ಅಲ್ವಾ ಮೇಷ್ಟ್ರೇ? ಅಧ್ಯಕ್ಷರು, ಪಿಡಿಒ ಇಬ್ಬರೂ ಸಹಿ ಹಾಕಿದರೆ ಮಾತ್ರ ದುಡ್ಡು. ನಮ್ಮಮ್ಮ ಒಂದು ಅವಧಿ ಸದಸ್ಯೆ ಆಗಿದ್ದರು. ಒಂದು ಸಹಿ ಇಲ್ಲದೆ ಬೋರ್‌ವೆಲ್ ಮೋಟಾರು ತಿಂಗಳುಗಟ್ಟಲೆ ರಿಪೇರಿ ಆಗದೆ ಬಿದ್ದಿದ್ದನ್ನು ನೋಡಿದ್ದೇನೆ.

ಶಿರಾಗೇಟ್ ವಕೀಲೆ

ಅರ್ಧ ಸರಿ ಪುಟ್ಟಾ. ಪಂಚಾಯ್ತಿ ಚೆಕ್ಕಿನಲ್ಲಿ ತಪ್ಪಾದರೆ ಇಬ್ಬರನ್ನೂ ಹಿಡಿಯುತ್ತಾರೆ. ಇಲ್ಲಿ ಹಾಗಲ್ಲ. ಸ್ಪೇನ್ ಸಂವಿಧಾನದ 64ನೇ ವಿಧಿ ಓದಿ ನೋಡು. ರಾಜನ ಕೆಲಸಕ್ಕೆ ಜೊತೆ ಸಹಿ ಹಾಕಿದವರೇ ಅದಕ್ಕೆ ಹೊಣೆ. ಸೇನೆಯ ಪರಮಾಧಿಕಾರ ರಾಜನದು ಅನ್ನುವುದು 62ನೇ ವಿಧಿ. ಆದರೆ ದೇಶದ ರಕ್ಷಣೆಯನ್ನು ನಡೆಸುವುದು ಸರ್ಕಾರ ಅಂತ 97ನೇ ವಿಧಿ ಹೇಳುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ಓದಬೇಕು. 62 ಒಂದನ್ನೇ ಓದಿದರೆ ಪರೀಕ್ಷೆಯಲ್ಲೂ ತಪ್ಪುತ್ತೀರಿ.

ಸ್ವೀಡನ್‌ನವರು ಈ ಗೋಜೇ ಬೇಡ ಅಂತ 1974ರ ಸಂವಿಧಾನದಲ್ಲಿ ರಾಜನ ಕೈಯಿಂದ ಸೇನೆಯ ಅಧಿಕಾರವನ್ನೇ ತೆಗೆದರು. ಪಕ್ಕದ ಭೂತಾನ್ ಇನ್ನೊಂದು ತುದಿ. ಅಲ್ಲಿ ಚುನಾಯಿತ ಸಂಪುಟ ಇದೆ, ಆದರೆ ಅದರಲ್ಲಿ ರಕ್ಷಣಾ ಖಾತೆ ಇಲ್ಲ. ದಂಡನಾಯಕ ರಾಜನೇ.

ಬಂಗಾರಪೇಟೆ ಜಂಕ್ಷನ್

ಎಲ್ಲರೂ ಯುರೋಪಿಗೆ ಹೋಗಿಬಿಟ್ಟಿರಿ. ನಮ್ಮ ದೇಶವನ್ನೇ ಮರೆತಿರಲ್ಲ?

ನಮ್ಮ ತಾತ ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ 1954ರಲ್ಲಿ ಊರಿಗೆ ಬಂದವರು. ಅವರ ತಗಡಿನ ಟ್ರಂಕು ಇನ್ನೂ ನಮ್ಮ ಅಟ್ಟದಲ್ಲಿದೆ. ಅದರಲ್ಲಿ ಒಂದು ಹುಣಸೆಹಣ್ಣಿನ ಡಬ್ಬಿಯಷ್ಟು ಹಳೇ ಹಿತ್ತಾಳೆ ಗುಂಡಿಗಳು. ಚಿಕ್ಕವನಿದ್ದಾಗ ಅವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಆಡುತ್ತಿದ್ದೆ. ಕೆಲವು ಗುಂಡಿಗಳ ಮೇಲೆ ಕಿರೀಟ. ಕೆಲವುಗಳ ಮೇಲೆ ಅಶೋಕನ ಸಿಂಹ. ಒಂದೇ ಮನುಷ್ಯ, ಒಂದೇ ಎದೆ, ಎರಡು ಥರ ಗುಂಡಿ. ಯಾಕೆ ಅಂತ ಬಹಳ ವರ್ಷ ನನಗೆ ಗೊತ್ತಿರಲಿಲ್ಲ.

1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಸ್ವತಂತ್ರ ಭಾರತಕ್ಕೂ ಒಬ್ಬ ರಾಜ ಇದ್ದ, ಆರನೇ ಜಾರ್ಜ್. ನಾವು ಡೊಮಿನಿಯನ್, ಅಂದರೆ ಆಳ್ವಿಕೆ ನಮ್ಮದು, ರಾಜ ಮಾತ್ರ ಬ್ರಿಟನ್ನಿನವನು. ರಾಜನ ಪರವಾಗಿ ಮೊದಲು ಮೌಂಟ್‌ಬ್ಯಾಟನ್, ಆಮೇಲೆ ರಾಜಾಜಿ. ಆ ಎರಡೂವರೆ ವರ್ಷ ರಕ್ಷಣಾ ಮಂತ್ರಿ ಬಲದೇವ್ ಸಿಂಗ್. ಅಂದರೆ ಓದುಗ ಕೇಳಿದ ಕೆಲಸವನ್ನೇ ಮಾಡಿದವರು ನಮ್ಮಲ್ಲೇ ಇದ್ದಾರೆ. ಮೊದಲ ಕಾಶ್ಮೀರ ಯುದ್ಧ ಪೂರ್ತಿ ನಡೆದದ್ದು ಆ ಕಾಲದಲ್ಲಿ. ನಮ್ಮ ಕೊಡಗಿನ ಕಾರಿಯಪ್ಪನವರು 1949ರ ಜನವರಿ 15ರಂದು ಕಮಾಂಡರ್ ಇನ್ ಚೀಫ್ ಆದಾಗಲೂ ಕಾಗದದಲ್ಲಿ ರಾಜ ಜಾರ್ಜೇ. ಆದರೆ ಅವರ ಮೇಲೆ ಇದ್ದದ್ದು ದೆಹಲಿಯ ಸಂಪುಟ.

ಇನ್ನೊಂದು ನನಗೆ ಬಹಳ ಇಷ್ಟವಾದ ಸಂಗತಿ. ದೆಹಲಿಯಲ್ಲಿ ಕಮಾಂಡರ್ ಇನ್ ಚೀಫ್ ಇರುತ್ತಿದ್ದ ದೊಡ್ಡ ಬಂಗಲೆ ಫ್ಲಾಗ್‌ಸ್ಟಾಫ್ ಹೌಸ್. ಸ್ವಾತಂತ್ರ್ಯ ಬಂದ ಮೇಲೆ ಅದು ಪ್ರಧಾನಿಯ ಮನೆ ಆಯಿತು. ಅದೇ ತೀನ್ ಮೂರ್ತಿ ಭವನ. 1955ರಲ್ಲಿ ಕಮಾಂಡರ್ ಇನ್ ಚೀಫ್ ಅನ್ನುವ ಹುದ್ದೆಯ ಹೆಸರನ್ನೂ ತೆಗೆದು ಸೇನಾ ಮುಖ್ಯಸ್ಥ ಅಂತ ಮಾಡಿದರು.

ಕೋಲಾರದ ಮೇಷ್ಟ್ರು

ಭಲೇ! ಇದರ ಪಕ್ಕದಲ್ಲೇ ಪಾಕಿಸ್ತಾನವನ್ನು ಇಟ್ಟು ನೋಡಿ. ನಮ್ಮ ಸ್ವಾತಂತ್ರ್ಯ ತಂದ 1947ರ ಅದೇ ಕಾನೂನಿನಿಂದ ಹುಟ್ಟಿದ್ದು, ಅದೇ ರಾಜ. 1956ರವರೆಗೂ ಡೊಮಿನಿಯನ್ ಆಗಿಯೇ ಇತ್ತು. ಅಲ್ಲಿ 1954ರ ಅಕ್ಟೋಬರ್‌ನಲ್ಲಿ ಕಮಾಂಡರ್ ಇನ್ ಚೀಫ್ ಅಯೂಬ್ ಖಾನ್ ಅವರನ್ನೇ ರಕ್ಷಣಾ ಮಂತ್ರಿ ಮಾಡಿದರು. ಸೈನ್ಯದ ಹುದ್ದೆ ಬಿಡದೆ ಸಂಪುಟದಲ್ಲೂ ಕೂತರು. ಪ್ರಶ್ನೆ ಕೇಳಬೇಕಾದವನೂ ಅವನೇ, ಉತ್ತರ ಕೊಡಬೇಕಾದವನೂ ಅವನೇ. ನಾಲ್ಕು ವರ್ಷದಲ್ಲಿ, 1958ರಲ್ಲಿ, ಅದೇ ಅಯೂಬ್ ಖಾನ್ ದೇಶವನ್ನೇ ಕೈಗೆ ತೆಗೆದುಕೊಂಡರು.

ಜಪಾನ್ ಕಥೆ ಇನ್ನೂ ಹಳೆಯದು. 1889ರ ಸಂವಿಧಾನದಲ್ಲಿ ಸೇನೆ ಚಕ್ರವರ್ತಿಯದು. 1900ರಲ್ಲಿ ಒಂದು ನಿಯಮ ಬಂತು. ಸೇನಾ ಮಂತ್ರಿ, ನೌಕಾ ಮಂತ್ರಿ ಆಗುವವರು ಸೇವೆಯಲ್ಲಿರುವ ಜನರಲ್, ಅಡ್ಮಿರಲ್‌ಗಳೇ ಆಗಿರಬೇಕು. ನೋಡಲು ಸಣ್ಣ ನಿಯಮ. 1912ರಲ್ಲಿ ಸೈನ್ಯ ಎರಡು ಹೊಸ ಡಿವಿಷನ್ ಕೇಳಿತು, ಸಂಪುಟ ಇಲ್ಲ ಅಂದಿತು. ಸೇನಾ ಮಂತ್ರಿ ರಾಜೀನಾಮೆ ಎಸೆದ. ಬೇರೆ ಜನರಲ್‌ನನ್ನು ಕೊಡಲ್ಲ ಅಂತ ಸೈನ್ಯ ಕೂತಿತು. ಸರ್ಕಾರವೇ ಬಿತ್ತು! ಆಮೇಲೆ ನಿಯಮ ಸಡಿಲಿಸಿದರು, 1936ರಲ್ಲಿ ಮತ್ತೆ ತಂದರು. 1940ರಲ್ಲಿ ಇದೇ ಉಪಾಯದಿಂದ ಇನ್ನೊಂದು ಸಂಪುಟ ಉರುಳಿತು. ಮುಂದೇನಾಯಿತು ಅಂತ ಪ್ರಪಂಚಕ್ಕೇ ಗೊತ್ತು. ಯುದ್ಧ ಮುಗಿದ ಮೇಲಿನ ಸಂವಿಧಾನದ 66ನೇ ವಿಧಿಯಲ್ಲಿ ಮಂತ್ರಿಗಳೆಲ್ಲ ನಾಗರಿಕರೇ ಆಗಿರಬೇಕು ಅಂತ ಬರೆದದ್ದು ಅದಕ್ಕೇ.

ಚಕ್ರವರ್ತಿ ಆಗಲೂ ಇದ್ದ, ಈಗಲೂ ಇದ್ದಾನೆ. ನಡುವಿನ ಕುರ್ಚಿಯಲ್ಲಿ ಯಾರು ಕೂತರು ಅನ್ನುವುದರ ಮೇಲೆ ದೇಶದ ಹಣೆಬರಹ ನಿಂತಿತ್ತು.

ಗೌರಿಬಿದನೂರು ಸುಬೇದಾರ್

ಮೇಷ್ಟ್ರೇ, ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ಸರ್ವೀಸಿನಲ್ಲಿ ನನಗೆ ನೇಪಾಳದ ಗೆಳೆಯರು ಇದ್ದರು. ಅವರ ಊರಿನ ಸುದ್ದಿ ಕೇಳುತ್ತಲೇ ಇರುತ್ತಿದ್ದೆ. 1990ರ ಸಂವಿಧಾನದಲ್ಲಿ ಅಲ್ಲೊಂದು ರಕ್ಷಣಾ ಪರಿಷತ್ತು ಇತ್ತು. ಪ್ರಧಾನಿ, ರಕ್ಷಣಾ ಮಂತ್ರಿ, ಸೇನಾ ಮುಖ್ಯಸ್ಥ, ಮೂರೇ ಜನ. ಅವರ ಶಿಫಾರಸಿನ ಮೇಲೆ ರಾಜ ಸೈನ್ಯ ನಡೆಸಬೇಕು. ಬರೆದದ್ದು ಚೆನ್ನಾಗಿಯೇ ಇತ್ತು. ಆದರೆ ಸೈನ್ಯದ ಮನಸ್ಸು ಅರಮನೆ ಕಡೆಗೇ ಇತ್ತು. 2001ರ ಜುಲೈನಲ್ಲಿ ರೋಲ್ಪಾ ಜಿಲ್ಲೆಯ ಹೋಲೇರಿಯಲ್ಲಿ ಮಾವೋವಾದಿಗಳು ಪೊಲೀಸರನ್ನು ಹಿಡಿದೊಯ್ದರು. ಸೈನ್ಯ ಹೋಯಿತು, ಹೊಡೆದಾಡಲಿಲ್ಲ. ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಆ ತಿಂಗಳೇ ರಾಜೀನಾಮೆ ಕೊಟ್ಟರು. 2005ರ ಫೆಬ್ರವರಿ 1ರಂದು ರಾಜ ಜ್ಞಾನೇಂದ್ರ ಅಧಿಕಾರವನ್ನೆಲ್ಲ ತಾನೇ ತೆಗೆದುಕೊಂಡ. 2008ಕ್ಕೆ ಅರಸೊತ್ತಿಗೆಯೇ ಹೋಯಿತು. ನೇಪಾಳದ ಗೆಳೆಯ ಅತ್ತದ್ದನ್ನು ನಾನು ನೋಡಿದ್ದೇನೆ, ಅದಕ್ಕೇ ಹುಡುಗಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಇನ್ನೊಂದು ನಮ್ಮ ತಾಲ್ಲೂಕಿನದೇ. ವಿದುರಾಶ್ವತ್ಥಕ್ಕೆ ನಾಗರ ಪೂಜೆಗೆ ಹೋಗದವರು ನಮ್ಮ ಕಡೆ ಇಲ್ಲ. ಸಾಲು ಸಾಲು ನಾಗರ ಕಲ್ಲು, ಅರಿಶಿನ ಬಳಿದದ್ದು, ಪಕ್ಕದಲ್ಲೇ ಉತ್ತರ ಪಿನಾಕಿನಿ. ನಾನೂ ಅಮ್ಮನ ಸೆರಗು ಹಿಡಿದು ಹೋದವನೇ. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗೋಲಿಬಾರ್ ಆಯಿತು. ಸೈನ್ಯ ಅಲ್ಲ, ಪೊಲೀಸರು. ಆದರೂ ಅದು ಮಹಾರಾಜರ ಸರ್ಕಾರದ ಗುಂಡು. ಮಹಾರಾಜರು ನಾಲ್ವಡಿಯವರು, ಅವರಷ್ಟು ಒಳ್ಳೆ ದೊರೆ ಇಲ್ಲ ಅಂತ ನಮ್ಮಜ್ಜಿ ಕೈ ಮುಗಿಯುತ್ತಿದ್ದಳು. ಅದೇ ಅಜ್ಜಿ, "ಗುಂಡು ಹೊಡೀರಿ ಅಂದೋರು ಯಾರು ಅಂತ ಯಾರೂ ಬಂದು ಹೇಳಲಿಲ್ಲ ಕಣಪ್ಪ" ಅಂತಲೂ ಅನ್ನುತ್ತಿದ್ದಳು. ದಿವಾನರು ಮಹಾರಾಜರಿಗೆ ಉತ್ತರ ಕೊಡಬೇಕಿತ್ತು, ನಮ್ಮಜ್ಜಿಗೆ ಅಲ್ಲ.

ರಾಜ ಒಳ್ಳೆಯವನಾದರೂ ಸಾಲದು ಅಂತ ನಾನು ಈಗ ಒಪ್ಪುತ್ತೇನೆ. ಪ್ರಮಾಣ ರಾಜನ ಹೆಸರಿನಲ್ಲಿ ಇರಲಿ, ಅದು ಸಿಪಾಯಿಗೆ ಬೇಕು. ಆದರೆ ಯಾರು ಹೇಳಿದರು ಅಂತ ಕೇಳಿದಾಗ ಎದ್ದು ನಿಲ್ಲಲು ಒಬ್ಬ ಮನುಷ್ಯ ಬೇಕು.

ಕೋಲಾರದ ಮೇಷ್ಟ್ರು

ಸುಬೇದಾರರೇ, ನಿಮ್ಮ ಅಜ್ಜಿ ಕೇಳಿದ್ದಕ್ಕೆ ಆಗಿನವರು ಇಟ್ಟ ಹೆಸರೇ "ಜವಾಬ್ದಾರಿ ಸರ್ಕಾರ". ಮೈಸೂರು ಚಲೋ ನಡೆದದ್ದು ಅದಕ್ಕೇ. ಮಹಾರಾಜರು ಇರಬಾರದು ಅಂತಲ್ಲ. ಅವರ ಹೆಸರಿನಲ್ಲಿ ಆಳುವ ಮಂತ್ರಿಗಳು ಜನರಿಗೆ ಜವಾಬು ಕೊಡಬೇಕು ಅಂತ. 1947ರ ಅಕ್ಟೋಬರ್ 25ರಂದು ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ಆಗಿನಿಂದ 1950ರ ಜನವರಿವರೆಗೆ ಮೈಸೂರಿನಲ್ಲಿ ಮಹಾರಾಜರೂ ಇದ್ದರು, ಜನರ ಮಂತ್ರಿಮಂಡಲವೂ ಇತ್ತು. ರಕ್ಷಣಾ ಮಂತ್ರಿ ಮಾತ್ರ ಇರಲಿಲ್ಲ, ಯಾಕೆಂದರೆ ಜಯಚಾಮರಾಜ ಒಡೆಯರು 1947ರ ಆಗಸ್ಟ್‌ನಲ್ಲೇ ಭಾರತಕ್ಕೆ ಸೇರುವ ಸೇರ್ಪಡೆ ಪತ್ರಕ್ಕೆ ಸಹಿ ಮಾಡಿ ರಕ್ಷಣೆಯನ್ನು ದೆಹಲಿಗೆ ಒಪ್ಪಿಸಿದ್ದರು. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಪರಂಪರೆಯ ರಾಜ್ಯ ಅದು. ಒಪ್ಪಿಸುವುದು ಸುಲಭದ ಮಾತಾಗಿರಲಿಲ್ಲ.

ಅಮಾನಿಕೆರೆ ಓದುಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ಎಲ್ಲವನ್ನೂ ನೋಟ್ಸಿಗೆ ಬರೆದುಕೊಂಡಿದ್ದೇನೆ. ಒಂದೇ ಒಂದು ಉಳಿದಿದೆ ಅಕ್ಕ. ಯುದ್ಧಕ್ಕೆ ಹೋಗೋಣ ಅಂತ ಬ್ರಿಟನ್ ಪ್ರಧಾನಿ, ರಕ್ಷಣಾ ಮಂತ್ರಿ ಇಬ್ಬರೂ ತೀರ್ಮಾನ ಮಾಡಿದರೆ ತಡೆಯುವವರು ಯಾರು? ರಾಜನಾ?

ಶಿರಾಗೇಟ್ ವಕೀಲೆ

ಯುದ್ಧ ಸಾರುವ ಅಧಿಕಾರ ಇವತ್ತಿಗೂ ಕಿರೀಟದ್ದೇ, ನಡೆಸುವುದು ಮಂತ್ರಿಗಳು. ಸಂಸತ್ತಿನಲ್ಲಿ ಓಟು ಹಾಕಿಸಲೇಬೇಕು ಅಂತ ಕಾಯ್ದೆ ಇಲ್ಲ. ರಾಜ ಪ್ರಧಾನಿಗೆ ಕೂರಿಸಿ ಎಚ್ಚರಿಕೆ ಹೇಳಬಹುದು, ಅಷ್ಟೇ. ಆದರೆ 2003ರಲ್ಲಿ ಇರಾಕ್ ಯುದ್ಧಕ್ಕೆ ಮುಂಚೆ ಓಟು ಹಾಕಿಸಿದರು. 412 ಪರ, 149 ವಿರುದ್ಧ. 2013ರ ಆಗಸ್ಟ್ 29ರಂದು ಸಿರಿಯಾ ಮೇಲೆ ದಾಳಿಗೆ ಒಪ್ಪಿಗೆ ಕೇಳಿದರು. 272 ಪರ, 285 ವಿರುದ್ಧ. ಹದಿಮೂರು ಓಟಿನಲ್ಲಿ ಸರ್ಕಾರ ಸೋತಿತು. ಪ್ರಧಾನಿ ಅಲ್ಲೇ ಎದ್ದು ಒಪ್ಪಿಕೊಂಡರು, ವಿಮಾನಗಳು ಹೊರಡಲಿಲ್ಲ.

ಬಂಗಾರಪೇಟೆ ಜಂಕ್ಷನ್

ಇವತ್ತು ಅಟ್ಟ ಹತ್ತಿ ಟ್ರಂಕು ಇಳಿಸಿದೆ. ಕಿರೀಟದ ಗುಂಡಿ ಒಂಬತ್ತು, ಸಿಂಹದ್ದು ಆರು. ಕಿರೀಟದವು ಜಾಸ್ತಿ ಸವೆದಿವೆ.

ಗೌರಿಬಿದನೂರು ಸುಬೇದಾರ್

ಎರಡು ಥರದ್ದೂ ಒಂದೊಂದು ತೆಗೆದಿಟ್ಟುಕೊಳ್ಳಿ, ಭಾನುವಾರ ತನ್ನಿ. ಓದುಗ ತಮ್ಮಾ, ನೀನೂ ಬಾ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮೇಲೆ ಬಸ್ ಇದೆ. ವಿದುರಾಶ್ವತ್ಥದಲ್ಲಿ ವೀರಸೌಧ ನೋಡಿಕೊಂಡು ನಮ್ಮನೆಗೆ ಊಟಕ್ಕೆ ಬರೋಣ. ಮೇಷ್ಟ್ರನ್ನು ನಾನೇ ಸ್ಟ್ಯಾಂಡಿನಿಂದ ಕರೆದುಕೊಂಡು ಬರುತ್ತೇನೆ.